ಡ್ರೈವರ್ ಲತೇಶನ ಮೂಗು

ಲತೇಶನ ಮೂಗು ಮುರಿದದ್ದು ವಿಟ್ಲದ ಬಸ್ ಸ್ಟ್ಯಾಂಡಿನಲ್ಲಿ, ಹಾಡುಹಗಲು, ಎರಡು ನಿಮಿಷದ ವಿಷಯಕ್ಕೆ. ಹಿಂದಿನ ಬಸ್ಸಿನ ಡ್ರೈವರ್ ಲತೇಶನ ಸಮಯದಲ್ಲಿ ಜನ ಹತ್ತಿಸಿದ್ದ. ಲತೇಶ ಇಳಿದು ಹೋಗಿ ಅವನ ಕಾಲರ್ ಹಿಡಿದ. ಆ ಡ್ರೈವರ್ ಸೀಟಿನ ಅಡಿಯಿಂದ ಚಕ್ರ ಬಿಚ್ಚುವ ಸ್ಪ್ಯಾನರ್ ತೆಗೆದು ಬೀಸಿದ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತೆಂದು ಲತೇಶನೇ ಆಮೇಲೆ ನಗುತ್ತ ಹೇಳುತ್ತಿದ್ದ. ಹೊಡೆದವನು ಆ ದಿನ ತನ್ನ ಎರಡು ಹಲ್ಲುಗಳನ್ನು ನೆಲದಲ್ಲಿ ಹುಡುಕಿದನೆಂಬುದನ್ನೂ ಸೇರಿಸುತ್ತಿದ್ದ.

ಬಿ.ಸಿ.ರೋಡಿನಿಂದ ಹೊರಡುವ ಪ್ರತಿಯೊಂದು ಖಾಸಗಿ ಬಸ್ಸಿಗೂ ಅದರದ್ದೇ ನಿಮಿಷಗಳುಂಟು. ಆ ನಿಮಿಷಗಳಲ್ಲಿ ಸ್ಟಾಪಿನಲ್ಲಿ ನಿಂತ ಜನ ಆ ಬಸ್ಸಿನವರ ಸೊತ್ತು. ಇನ್ನೊಬ್ಬ ಬಂದು ಹತ್ತಿಸಿಕೊಂಡರೆ ಮಾತಿಗೆ ಮಾತು, ಕೈಗೆ ಕೈ. ಪೊಲೀಸರ ಹತ್ತಿರ ಹೋಗುವುದು ನಾಚಿಕೆ. ಆಸ್ಪತ್ರೆಗೆ ಹೋಗುವುದೂ ಸ್ವಲ್ಪ ನಾಚಿಕೆಯೇ. ಲತೇಶ ಮುಖಕ್ಕೆ ಐಸ್ ಇಟ್ಟುಕೊಂಡು ಮರುದಿನ ಕನ್ಯಾನದ ಬಸ್ಸು ಬಿಟ್ಟ. ಮೂಗು ತನಗೆ ತಿಳಿದ ಹಾಗೆ ಕೂಡಿಕೊಂಡಿತು, ಸೊಟ್ಟಗೆ. ಆಮೇಲೆ ಅದರಲ್ಲಿ ಗಾಳಿ ಸರಿಯಾಗಿ ಆಡಲಿಲ್ಲ.

ಮೆಡಿಕಲ್ ಅಂಗಡಿಯವನು ಒಂದು ಸಣ್ಣ ಬಾಟಲಿ ಕೊಟ್ಟ. ಎರಡು ಹನಿ ಬಿಟ್ಟರೆ ಮುಚ್ಚಿದ ಬಾಗಿಲು ತೆರೆದ ಹಾಗೆ. ಲತೇಶನಿಗೆ ಅದು ದೇವರ ಕೃಪೆಯಂತೆ ಕಂಡಿತು. ಬಾಟಲಿಯನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಣಪತಿಯ ಪಕ್ಕದಲ್ಲಿ, ಮಲ್ಲಿಗೆ ಮಾಲೆಯ ಸುರುಳಿಯೊಳಗೆ ಇಟ್ಟ. ಮೊದಲು ಬೆಳಗ್ಗೆ ಸಂಜೆ, ಆಮೇಲೆ ಪ್ರತಿ ಟ್ರಿಪ್ಪಿಗೆ, ಆಮೇಲೆ ಕಲ್ಲಡ್ಕದ ಧೂಳಿಗೊಮ್ಮೆ, ವಿಟ್ಲದ ಏರಿಗೊಮ್ಮೆ. ಒಂದು ಕೈ ಸ್ಟಿಯರಿಂಗಿನಲ್ಲಿ, ತಲೆ ಹಿಂದಕ್ಕೆ, ಕಣ್ಣು ಬಸ್ಸಿನ ಸೂರಿಗೆ. ಆಗ ಮುಂದಿನ ಸೀಟಿನ ಹೆಂಗಸರು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಕಂಡಕ್ಟರ್ ಉನೈಸ್ ಹಿಂದಿನಿಂದ ಕೂಗುತ್ತಿದ್ದ: "ಎಂತದೂ ಹೆದರ್ಬೇಡಿ ಅಕ್ಕ, ಲತೇಶಣ್ಣ ಡೀಸೆಲ್ ಹಾಕಿಸ್ತಿದ್ದಾರೆ!"

ಹೀಗೆ ಏಳು ವರ್ಷ. ಬಾಟಲಿ ಇಲ್ಲದಿದ್ದರೆ ಮೂಗು ಕಲ್ಲು ಹಾಕಿದ ಹಾಗೆ ಮುಚ್ಚುತ್ತಿತ್ತು. ವಾಸನೆ ಹೋಯಿತು, ನಿದ್ರೆಯೂ ಹೋಯಿತು. ಬಾಯಿಯಲ್ಲಿ ಉಸಿರಾಡುತ್ತ, ಒಣಗಿದ ನಾಲಿಗೆಯೊಡನೆ ಏಳುವ ಲತೇಶನಿಗೆ ಬೆಳಗ್ಗೆಯೇ ಯಾರ ಮೇಲಾದರೂ ಸಿಟ್ಟಿರುತ್ತಿತ್ತು. ದಾರಿ ಬಿಡದ ಬೈಕಿನವನ ಕೀ ಕಿತ್ತು ಪಾಣೆಮಂಗಳೂರಿನ ಸಂಕದ ಮೇಲೆ ನಿಂತು ನೇತ್ರಾವತಿ ಹೊಳೆಗೆ ಎಸೆದ. ಚಿಲ್ಲರೆ ವಿಷಯಕ್ಕೆ ಉನೈಸನೊಡನೆ ಜಗಳಾಡಿದ ಪ್ರಯಾಣಿಕನ ಕೆನ್ನೆಗೆ ಡ್ರೈವರ್ ಸೀಟಿನಿಂದ ಎದ್ದು ಬಂದು ಬಾರಿಸಿದ. ಮನೆಯಲ್ಲಿ ಹೆಂಡತಿ ಸುರಕ್ಷಾ ಬೀಡಿ ಕಟ್ಟುತ್ತಿದ್ದಳು. ಹೊಗೆಸೊಪ್ಪಿನ ಪುಡಿಯಿಂದಲೇ ತನ್ನ ಮೂಗು ಕಟ್ಟುವುದೆಂದು ಒಂದು ದಿನ ಅವಳ ಮಡಿಲಲ್ಲಿದ್ದ ಮೊರದಂಥ ಗೆರಸೆಯನ್ನು ಒದ್ದ. ಇನ್ನೊಂದು ದಿನ ಅವಳನ್ನೇ.

"ಅವನು ಕೆಟ್ಟವನಲ್ಲ, ಆ ಮೂಗಿನ ಉಪದ್ರ" ಎಂದು ನೆರೆಯವರು ಅನ್ನುತ್ತಿದ್ದರು. ಸುರಕ್ಷಾಳೂ ಹಾಗೆಯೇ ನಂಬಲು ಪ್ರಯತ್ನಿಸಿದಳು. ನಂಬಿದ್ದರಿಂದಲೇ ಒಂದು ರಾತ್ರಿ ಅವನು ಮಲಗಿದ ಮೇಲೆ, ಅವನ ಅಂಗಿಯ ಕಿಸೆಯಲ್ಲಿದ್ದ ಬಾಟಲಿಯ ಮದ್ದನ್ನು ಚೆಲ್ಲಿ ಅದರೊಳಗೆ ನೀರು ತುಂಬಿಸಿಟ್ಟಳು. ಮದ್ದು ನಿಂತರೆ ಮೂಗೂ ಸರಿಯಾಗುತ್ತದೆ, ಗಂಡನ ಕೈಯೂ ನಿಲ್ಲುತ್ತದೆ ಎಂಬುದು ಅವಳ ಲೆಕ್ಕ.

ಮರುದಿನ ಬೆಳಗ್ಗೆ ಮೊದಲ ಟ್ರಿಪ್ಪಿಗೆ ಹೊರಡುವಾಗ ಲತೇಶ ತಲೆ ಹಿಂದಕ್ಕೆ ಮಾಡಿ ಹನಿ ಬಿಟ್ಟ. ಕಾದ. ಪುನಃ ಬಿಟ್ಟ. ಬಾಟಲಿಯನ್ನು ನಾಲಿಗೆಗೆ ತಾಗಿಸಿ ನೋಡಿದ. ನೀರು.

"ಯಾರು ಇದು ಮಾಡಿದ್ದು?"

"ನಾನು" ಅಂದಳು ಸುರಕ್ಷಾ. "ಸಾಕು ನಿಮ್ಮ ಮದ್ದು. ಡಾಕ್ಟರಿಗೆ ತೋರಿಸುವ."

ಮೊದಲ ಹೊಡೆತಕ್ಕೆ ಅವಳು ಗೋಡೆಗೆ ಬಿದ್ದಳು. ಎರಡನೆಯದಕ್ಕೆ ಅವನು ಕೈ ಹಿಂದಕ್ಕೆ ಎಳೆದ. ಹಿಂದೆ ಮಗಳು ತೃಷಾ ನಿಂತಿದ್ದಳು. ಅಮ್ಮನ ಕೂಗಿಗೆ ಎದ್ದು ಬಂದು ಅಪ್ಪನ ಅಂಗಿ ಹಿಡಿದಿದ್ದಳು. ಮೊಣಕೈ ನೇರವಾಗಿ ಅವಳ ಮುಖಕ್ಕೆ ಬಿತ್ತು. ನಾಲ್ಕನೆಯ ಕ್ಲಾಸಿನ ಮಗು ಅಳಲಿಲ್ಲ. ಎರಡು ಕೈಯನ್ನೂ ಬೊಗಸೆ ಮಾಡಿ ಮೂಗಿನಿಂದ ಸುರಿಯುವ ರಕ್ತ ನೆಲಕ್ಕೆ ಬೀಳದ ಹಾಗೆ ಹಿಡಿದಳು. ನೆಲ ಗಲೀಜಾದರೆ ಅಪ್ಪ ಇನ್ನೂ ಹೊಡೆದಾರು ಎಂದು.

ಲತೇಶ ಆ ಬೊಗಸೆಯನ್ನು ನೋಡಿದ. ಮಗಳ ಕಡೆಗೆ ಕೈ ಚಾಚಿದ. ಅವಳು ಆ ಕೈ ನೋಡಿ ತಲೆ ತಗ್ಗಿಸಿ ಅಮ್ಮನ ಹಿಂದೆ ಸರಿದಳು. ಬಸ್ಸಿನ ಸಮಯವಾಗಿತ್ತು. ಅವನು ಹೋದ.

ಹತ್ತು ಗಂಟೆಗೆ ಅವನ ಬಸ್ಸು ಬಿ.ಸಿ.ರೋಡಿನಲ್ಲಿ ನಿಂತಿದ್ದಾಗ, ಹಿಂದಿನಿಂದ ನೀಲಿ ಬಸ್ಸು ಬಂತು. ಅದರ ಡ್ರೈವರ್ ಉಜ್ವಲ್, ಅದೇ ರೂಟಿನ ಎಳೆಯ ಹುಡುಗ, ಲತೇಶನ ದಿನನಿತ್ಯದ ಎದುರಾಳಿ. ಅದರಿಂದ ಸುರಕ್ಷಾ ಇಳಿದಳು, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ತೃಷಾ. ಮಗುವಿನ ಮೂಗಿನಲ್ಲಿ ಹತ್ತಿ. ತಮ್ಮ ಸ್ಟಾಪಿನಲ್ಲಿ ಗಂಡನ ಬಸ್ಸು ನಿಂತಾಗ ಹತ್ತದೆ, ಅದು ಹೋಗುವ ತನಕ ಅಂಗಡಿಯ ಹಿಂದೆ ನಿಂತು, ಅವಳು ಎದುರಾಳಿಯ ಬಸ್ಸು ಹತ್ತಿದ್ದಳು. ಬಸ್ ಸ್ಟ್ಯಾಂಡಿನ ಎಲ್ಲ ಕಣ್ಣುಗಳೂ ಮೊದಲು ಹತ್ತಿಯನ್ನು, ಆಮೇಲೆ ಲತೇಶನನ್ನು ನೋಡಿದವು. ತಾಯಿ ಮಗಳು ಯಾರನ್ನೂ ನೋಡದೆ ಮೂಡುಬಿದಿರೆಯ ಬಸ್ಸಿನಲ್ಲಿ ಹೋಗಿ ಕೂತರು. ಅಲ್ಲಿಂದ ಮುಂದೆ ವೇಣೂರು, ಅವಳ ತಾಯಿಮನೆ.

ಲತೇಶ ಹೋದದ್ದು ಅವರ ಬಳಿಗಲ್ಲ, ಉಜ್ವಲ್‌ನ ಬಳಿಗೆ.

"ನನ್ನ ಹೆಂಡತಿಯನ್ನು ಹತ್ತಿಸಲಿಕ್ಕೆ ನಿನಗೆ ಹೇಳಿದ್ದು ಯಾರು?"

"ಟಿಕೆಟ್ ತೆಗೊಂಡ್ರು ಲತೇಶಣ್ಣ. ನಿಮ್ಮ ಮಿಸೆಸ್ ಅಂತ ಇಳಿಸಬೇಕಿತ್ತಾ?" ಅಂದ ಉಜ್ವಲ್. ಆಮೇಲೆ ಮೆತ್ತಗೆ ಹೇಳಿದ: "ಮಗುವಿನ ಮುಖ ಒಮ್ಮೆ ನೋಡಿ ಮಾರಾಯ್ರೆ, ನಾಚಿಕೆಯಾಗುದಿಲ್ವಾ?"

ಲತೇಶ ಅವನ ಕುತ್ತಿಗೆ ಹಿಡಿದ. ಉಜ್ವಲ್ ಹಣೆಯಿಂದಲೇ ಕುಟ್ಟಿದ. ಇಬ್ಬರೂ ಬಸ್ಸಿನ ಮುಂದಿನ ಗಾಜಿಗೆ, ಅಲ್ಲಿಂದ ಡಾಮರಿಗೆ ಬಿದ್ದರು. ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಲುಬಿನಲ್ಲಿ. ಉನೈಸ್ ಎಳೆದು ಬಿಡಿಸುವಾಗ ಲತೇಶನ ಮೂಗಿನ ಎರಡೂ ಹೊಳ್ಳೆಗಳಿಂದ ರಕ್ತ ನಲ್ಲಿ ಬಿಟ್ಟ ಹಾಗೆ ಇಳಿಯುತ್ತಿತ್ತು. ಮೂಡುಬಿದಿರೆಯ ಬಸ್ಸು ಹೊರಟಿತು. ಕಿಟಕಿಯಲ್ಲಿ ಸುರಕ್ಷಾಳ ಮುಖ ಒಂದು ಗಳಿಗೆ ಕಂಡಿತು. ಅವಳು ಇಳಿಯಲಿಲ್ಲ. ಕೈಯಿಂದ ಮಗಳ ಕಣ್ಣು ಮುಚ್ಚಿದಳು, ಅಷ್ಟೆ.

ರಕ್ತ ನಿಲ್ಲಲಿಲ್ಲ. ಉನೈಸ್ ಅವನನ್ನು ಅಲ್ಲೇ ಮಾಳಿಗೆಯ ಮೇಲಿದ್ದ ಮೂಗು-ಕಿವಿ-ಗಂಟಲಿನ ಡಾಕ್ಟರ ಬಳಿಗೆ ಎಳೆದುಕೊಂಡು ಹೋದ. ಡಾಕ್ಟರ್ ಶಾಹುಲ್ ಹಮೀದ್ ಬೆಳಗ್ಗೆ ಬಿ.ಸಿ.ರೋಡಿನಲ್ಲಿ, ಮಧ್ಯಾಹ್ನದ ಮೇಲೆ ಮೂಡುಬಿದಿರೆಯಲ್ಲಿ ಕೂರುವವರು. ಅರುವತ್ತು ದಾಟಿದ ತೆಳ್ಳಗಿನ ಮನುಷ್ಯ.

"ತಲೆ ಯಾಕೆ ಮೇಲೆ ಮಾಡಿದ್ದೀರಿ? ಆಕಾಶದಲ್ಲಿ ಎಂತ ಉಂಟು? ಬಗ್ಗಿ."

"ರಕ್ತ ಬೀಳ್ತದೆ ಡಾಕ್ಟ್ರೇ."

"ಬೀಳಲಿ. ಹೊಟ್ಟೆಗೆ ಇಳಿಯುವುದಕ್ಕಿಂತ ಬೇಸಿನಿಗೆ ಬೀಳುವುದು ಒಳ್ಳೆಯದು. ಬಗ್ಗಿ, ಬಾಯಲ್ಲಿ ಉಸಿರಾಡಿ."

ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಉದ್ದನೆಯ ಹತ್ತಿಯ ಪಟ್ಟಿಗಳನ್ನು ಎರಡು ಬಗೆಯ ಮದ್ದಿನಲ್ಲಿ ಅದ್ದಿ, ಇಕ್ಕಳದಿಂದ ಒಳಗೆ, ಇನ್ನೂ ಒಳಗೆ ತುಂಬಿದರು. ಒಂದು ಮರಗಟ್ಟಿಸುವ ಮದ್ದು. ಇನ್ನೊಂದು ಗಂಟಲಿಗೆ ಇಳಿದಾಗ ಲತೇಶನಿಗೆ ಅದರ ಕಹಿಯ ಗುರುತು ಸಿಕ್ಕಿತು.

"ಇದು ನನ್ನ ಬಾಟಲಿಯದ್ದೇ."

"ಅದೇ ಜಾತಿಯದ್ದು. ರಕ್ತನಾಳ ಬಿಗಿಯಾಗ್ತದೆ, ರಕ್ತ ನಿಲ್ತದೆ, ನನಗೆ ಒಳಗೆ ನೋಡ್ಲಿಕ್ಕೆ ಜಾಗ ಆಗ್ತದೆ. ಜೋರು ನೆಗಡಿಗೆ ಮೂರು ನಾಲ್ಕು ದಿನ ಬಿಡಬಹುದು. ನೀವು ಎಷ್ಟು ಸಮಯದಿಂದ ಬಿಡ್ತಾ ಇದ್ದೀರಿ?"

"ಏಳು ವರ್ಷ ಆಯ್ತು."

ಡಾಕ್ಟರು ಉನೈಸನ ಕಡೆ ತಿರುಗಿದರು. "ಇವರು ಬಿಡುವ ಬಸ್ಸಿನಲ್ಲಿ ನೀನು ಕೂತುಕೊಳ್ತೀಯಾ?"

"ಕೂರಲಿಕ್ಕೆ ಎಲ್ಲಿ ಡಾಕ್ಟ್ರೇ, ನಾನು ಕಂಡಕ್ಟರ್. ನಿಂತೇ ಸಾಯುದು."

ಸಣ್ಣ ದೀಪದ ಕೊಳವೆಯನ್ನು ಮೂಗಿನೊಳಗೆ ಹೊಗಿಸಿ ಡಾಕ್ಟರು ನೋಡಿದರು. ಒಳಗಿನ ಮಡಿಕೆಗಳು ಊದಿ ಕೆಂಪಗಾಗಿದ್ದವು. ನಡುವಿನ ಗೋಡೆ ಸೊಟ್ಟಗೆ, ಹುಣ್ಣಾಗಿ, ಕಾಗದದಷ್ಟು ತೆಳ್ಳಗೆ. "ಮದ್ದಿನ ಶಕ್ತಿ ಇಳಿದ ಕೂಡಲೇ ಒಳಗೆ ಮೊದಲಿಗಿಂತ ಹೆಚ್ಚು ಊದ್ತದೆ. ನೀವು ಪುನಃ ಬಿಡ್ತೀರಿ. ಅದು ಪುನಃ ಊದ್ತದೆ. ಈಗ ನಿಮ್ಮ ಮೂಗನ್ನು ಕಟ್ಟುವುದು ನೆಗಡಿಯೂ ಅಲ್ಲ, ಧೂಳೂ ಅಲ್ಲ. ಆ ಬಾಟಲಿಯೇ." ಬಿಪಿ ನೋಡಿದರು. ಅದೂ ಏರಿತ್ತು.

ಗಾಯ ಒಣಗುವ ತನಕ ಹಚ್ಚಲು ಮುಲಾಮು ಕೊಟ್ಟರು. ಮುಂದಿನ ವಾರ ಲತೇಶ ಮೂಡುಬಿದಿರೆಗೆ ಹೋದಾಗ ಬೇರೆ ಮದ್ದು ಶುರುವಾಯಿತು. ಕುದಿಸಿ ಆರಿಸಿದ ನೀರಿಗೆ ಉಪ್ಪು ಸೇರಿಸಿ ಮೂಗು ತೊಳೆಯುವುದು. ಆಮೇಲೆ ಒಂದು ಸ್ಪ್ರೇ.

"ಇದು ನಿಮ್ಮ ಹನಿಯ ಹಾಗಲ್ಲ. ಹೊಡೆದ ಕೂಡಲೇ ಎಂತದೂ ಆಗುದಿಲ್ಲ. ದಿನಾ ಹೊಡೆಯಬೇಕು, ಮೆಲ್ಲ ಊತ ಇಳಿತದೆ. ಹಳೆಯ ಬಾಟಲಿಯ ಹನಿ ಎಡಮೂಗಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಬೇಕು. ಎಡ ತೆರೆದ ಮೇಲೆ ಬಲದ್ದು. ಈಗ ಹೊಡೆದು ತೋರಿಸಿ."

ಲತೇಶ ಅಭ್ಯಾಸಬಲದಿಂದ ತಲೆ ಹಿಂದಕ್ಕೆ ಮಾಡಿ, ಬಲಗೈಯಲ್ಲಿ ಬಲಮೂಗಿಗೆ ಇಟ್ಟು, ಜೋರಾಗಿ ಎಳೆದ.

"ಹೊಟ್ಟೆಗೆ ಹೋಯ್ತು" ಅಂದರು ಡಾಕ್ಟರು. "ಉಳಿದದ್ದು ನಡುವಿನ ಗೋಡೆಗೆ ಬಿತ್ತು, ಹುಣ್ಣಿನ ಮೇಲೆಯೇ. ನೀವು ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸುವಾಗ ಒಂದು ಕೈಯ ಮೇಲೆ ಇನ್ನೊಂದು ಕೈ ದಾಟುದಿಲ್ವಾ? ಹಾಗೆ. ಬಲಗೈ ಎಡಮೂಗಿಗೆ, ಎಡಗೈ ಬಲಮೂಗಿಗೆ. ತುದಿ ಹೊರಗಡೆಗೆ, ಕಿವಿಯ ಕಡೆಗೆ. ತಲೆ ಬಗ್ಗಿಸಿ ನಿಮ್ಮ ಚಪ್ಪಲಿ ನೋಡಿ. ಹೂವಿನ ಪರಿಮಳ ತೆಗೊಳ್ಳುವ ಹಾಗೆ ಮೆಲ್ಲ ಎಳೆಯಿರಿ."

ಲತೇಶ ಚಪ್ಪಲಿ ನೋಡಿದ. ಹಾಗೆ ಬಗ್ಗಿಯೇ, ಮನಸ್ಸಿನಲ್ಲಿ ಇಟ್ಟುಕೊಂಡು ಬಂದದ್ದನ್ನು ಕೇಳಿದ. "ಡಾಕ್ಟ್ರೇ, ನನ್ನ ಹೆಂಡತಿಗೆ ಒಂದು ಫೋನ್ ಮಾಡಿ ಹೇಳ್ತೀರಾ? ಇದೆಲ್ಲ ಮದ್ದಿನಿಂದ ಆದದ್ದು ಅಂತ. ನಿದ್ರೆ ಇರ್ಲಿಲ್ಲ, ತಲೆ ಸರಿ ಇರ್ಲಿಲ್ಲ ಅಂತ. ನೀವು ಹೇಳಿದ್ರೆ ಅವಳು ನಂಬ್ತಾಳೆ, ಬರ್ತಾಳೆ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಮಗುವಿನ ಮೂಗು ನೋಡಿದ್ದೂ ನಾನೇ. ಅದೇ ದಿನ ಮಧ್ಯಾಹ್ನ, ನೀವು ಕೂತ ಇದೇ ಕುರ್ಚಿ. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ನಾನು ಮುಟ್ಟುವ ಮೊದಲೇ ಅವಳು ತಲೆ ತಗ್ಗಿಸ್ತಿದ್ದಳು." ಡಾಕ್ಟರು ಕನ್ನಡಕ ಒರೆಸಿ ಪುನಃ ಹಾಕಿಕೊಂಡರು. "ಆ ಬಾಟಲಿ ನಿದ್ರೆ ತೆಗೆಯಬಹುದು, ಬಿಪಿ ಏರಿಸಬಹುದು. ಆದರೆ ಅದೇ ಬಾಟಲಿ ಹಿಡ್ಕೊಂಡು ಟೀಚರುಗಳು ಬರ್ತಾರೆ, ಭಟ್ಟರು ಬರ್ತಾರೆ. ಅವರ ಮನೆಯಲ್ಲಿ ಯಾರ ಮೂಗೂ ಒಡೆಯಲಿಲ್ಲ. ಮೂಗಿಗೆ ನನ್ನಲ್ಲಿ ಮದ್ದು ಉಂಟು. ಕೈಗೆ ಇಲ್ಲ ಮಾರಾಯ್ರೆ."

ಲತೇಶ ಮನಸ್ಸಿನಲ್ಲೇ ಅವರನ್ನು ಬೈದುಕೊಂಡು ಇಳಿದ. ಮೂಗು ಸರಿಯಾಗಲಿ, ಆಗ ಎಲ್ಲ ತನ್ನಿಂದ ತಾನೇ ಸರಿಯಾಗುತ್ತದೆಂದು ಅವನು ಹಟ ಹಿಡಿದ.

ಎಡಮೂಗು ಸತ್ತ ಹಾಗೆ ಮುಚ್ಚಿತು. ದಿಂಬು ಕಚ್ಚಿದ. ಕೂತೇ ನಿದ್ರಿಸಿದ. ಸ್ಪ್ರೇ ಹೊಡೆದು ಕಾದು, ಏನೂ ಆಗದಾಗ ಅದನ್ನು ಗೋಡೆಗೆ ಎಸೆದು, ಪುನಃ ಹೆಕ್ಕಿದ. ಸ್ನಾನದ ಕೋಣೆಯ ಕನ್ನಡಿಯಲ್ಲಿ ಕಂಡ ಮುಖಕ್ಕೆ ಗುದ್ದಿದ. ಮುಷ್ಟಿಯಲ್ಲಿ ಗಾಜು ಉಳಿಯಿತು. ಒಂದು ದಿನ ಮೇಲ್ಕಾರಿನಲ್ಲಿ ಹೊಸ ಬಾಟಲಿ ತೆಗೆದುಕೊಂಡು ಎಡಕ್ಕೂ ಬಿಡಲು ಹೊರಟಾಗ, ಉನೈಸ್ ಅದನ್ನು ಕಸಿದು ಸಂಕದ ಮೇಲಿನಿಂದ ಹೊಳೆಗೆ ಎಸೆದ. ಲತೇಶ ಬಸ್ಸು ನಿಲ್ಲಿಸಿ ಅವನ ಗಂಟಲು ಹಿಸುಕಿದ. ಜನ ಬಿಡಿಸಿದರು. ಉನೈಸ್ ಕೆಮ್ಮುತ್ತ ಹೇಳಿದ: "ಕೊಲ್ಲುದಾದ್ರೆ ಬಿ.ಸಿ.ರೋಡ್ ಮುಟ್ಟಿದ ಮೇಲೆ ಕೊಲ್ಲಿ ಲತೇಶಣ್ಣ. ಇವರಿಗೆ ಟಿಕೆಟ್ ಕೊಟ್ಟು ಆಗ್ಲಿಲ್ಲ."

ಎಡ ತೆರೆಯಿತು. ಆಮೇಲೆ ಬಲವೂ, ಮುಂಗಾರಿನ ಮೊದಲ ದಿನಗಳಲ್ಲಿ. ಕಲ್ಲಡ್ಕ ದಾಟುವಾಗ ಲತೇಶನಿಗೆ ಏಕಾಏಕಿ ಮೀನಿನ ಬುಟ್ಟಿಯ ವಾಸನೆ ಬಂತು. ಹಿಂದೆಯೇ ಬೆವರು, ಒದ್ದೆ ಕೊಡೆ, ಡೀಸೆಲು, ಗಣಪತಿಯ ಮಲ್ಲಿಗೆ. ಅವನ ಕಣ್ಣಲ್ಲಿ ನೀರು ನಿಂತಿತು. ಮನೆಗೆ ಬಂದಾಗ ಹೊಗೆಸೊಪ್ಪಿನ ಘಾಟು ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿತು. ಖಾಲಿ ಗೆರಸೆಯಲ್ಲಿ ಆ ಘಾಟು ಇನ್ನೂ ಉಳಿದಿತ್ತು. ಅವನು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತ. ಭಾನುವಾರ ವೇಣೂರಿಗೆ ಹೋಗುವುದು, ಸುರಕ್ಷಾಳ ಎದುರು ಎರಡೂ ಮೂಗಿನಲ್ಲಿ ಉಸಿರು ಬಿಟ್ಟು ತೋರಿಸಿ ಕರೆದುಕೊಂಡು ಬರುವುದು ಎಂದು ನಿಶ್ಚಯಿಸಿದ. ನಿದ್ರೆಯೂ ಬಂತು, ಮಗುವಿನ ನಿದ್ರೆಯಂಥದ್ದು.

ಶನಿವಾರ ಬೆಳಗ್ಗೆ ಕಲ್ಲಡ್ಕದಲ್ಲಿ ಉಜ್ವಲ್‌ನ ನೀಲಿ ಬಸ್ಸು ಅಡ್ಡ ನಿಂತಿತು. ಎರಡು ನಿಮಿಷ. ಲತೇಶ ಇಳಿದು ಹೋದ.

"ಮೂಗು ರಿಪೇರಿ ಆಯ್ತಂತೆ ಲತೇಶಣ್ಣ," ಉಜ್ವಲ್ ಕಿಟಕಿಯಿಂದ ನಕ್ಕ. "ಹಾಗಾದ್ರೆ ಇನ್ನು ಹಾರ್ನ್ ಬೇಡ, ಮೂಗಿನಲ್ಲೇ ಊದಿ."

ಕೆಟ್ಟ ಮಾತಲ್ಲ. ಲತೇಶನ ಬಸ್ಸಿನವರೇ ನಕ್ಕರು. ಅವನು ಉಜ್ವಲ್‌ನನ್ನು ಅಂಗಿ ಹಿಡಿದು ಬಾಗಿಲಿನಿಂದ ಹೊರಗೆಳೆದು, ಮುಖದ ನಡುವೆ ಗುದ್ದಿದ. ಅದೇ ಹಳೆಯ ಒಣಕಡ್ಡಿಯ ಸದ್ದು. ಉಜ್ವಲ್ ಕೆಸರಿನಲ್ಲಿ ಕೂತುಬಿಟ್ಟ. ಬೆರಳುಗಳ ನಡುವೆ ರಕ್ತ.

ಲತೇಶ ಅವನೆದುರು ನಿಂತಿದ್ದ. ಎರಡೂ ಮೂಗಿನಲ್ಲಿ ಗಾಳಿ ಸಲೀಸಾಗಿ ಹೋಗಿ ಬರುತ್ತಿತ್ತು. ಹಿಂದಿನ ರಾತ್ರಿ ಚೆನ್ನಾಗಿ ನಿದ್ರೆಯಾಗಿತ್ತು. ತಲೆ ತಿಳಿಯಾಗಿತ್ತು. ಮತ್ತು ಅವನಿಗೆ ರಕ್ತದ ವಾಸನೆ ಬರುತ್ತಿತ್ತು, ಮಳೆಯಲ್ಲಿ ನೆನೆದ ಕಬ್ಬಿಣದ ಹಾಗೆ. ಎಷ್ಟೋ ಜನರ ರಕ್ತ ತೆಗೆದ ಅವನು ಏಳು ವರ್ಷಗಳಲ್ಲಿ ಆ ವಾಸನೆಯನ್ನು ಒಮ್ಮೆಯೂ ಅರಿತಿರಲಿಲ್ಲ. ಈ ಹೊಡೆತವನ್ನು ಹೊರಿಸಲು ಈಗ ಅವನ ಬಳಿ ಬಾಟಲಿ ಇರಲಿಲ್ಲ.

ಉಜ್ವಲ್ ತಲೆ ಹಿಂದಕ್ಕೆ ಮಾಡಿ ರಕ್ತ ನುಂಗುತ್ತಿದ್ದ. ಲತೇಶ ಕೆಸರಿನಲ್ಲಿ ಮೊಣಕಾಲೂರಿದ.

"ಮೇಲೆ ನೋಡ್ಬೇಡ. ಬಗ್ಗು. ಬಾಯಲ್ಲಿ ಉಸಿರಾಡು." ಮೂಗಿನ ಮೆತ್ತಗಿನ ಭಾಗವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದ. ಎರಡು ಬಸ್ಸಿನ ಜನ ಸುತ್ತ ನಿಂತು ನೋಡಿದರು. ಹಿಂದೆ ಹಾರ್ನುಗಳು ಕೂಗಿದವು.

"ಎಂಥ ಜನ ಮಾರಾಯ್ರೆ ನೀವು" ಅಂದ ಉಜ್ವಲ್, ಒತ್ತಿದ ಮೂಗಿನಿಂದ. "ಒಡೆಯುದೂ ನೀವೇ, ಹಿಡಿಯುದೂ ನೀವೇ."

"ಮಾತಾಡ್ಬೇಡ. ರಕ್ತ ನಿಲ್ಲುದಿಲ್ಲ." ಲತೇಶ ಬೆರಳು ಸಡಿಲಿಸಲಿಲ್ಲ. ರಕ್ತ ನಿಂತ ಮೇಲೆ ಅವನು ಉಜ್ವಲ್‌ನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಡಾಕ್ಟರ್ ಹಮೀದರ ಮಾಳಿಗೆ ಹತ್ತಿಸಿದ. ತಾನು ಮಾತ್ರ ಒಳಗೆ ಹೋಗಲಿಲ್ಲ, ಮೆಟ್ಟಿಲಲ್ಲೇ ಕೂತ. ನೀಲಿ ಬಸ್ಸಿನವರು ಸ್ಟೇಷನ್ನಿಗೆ ಹೋಗುತ್ತೇವೆಂದಾಗ, "ಹೋಗಿ, ನಾನೂ ಬರ್ತೇನೆ" ಅಂದ. ಹಾಗೆ ಹೇಳಿದ ಡ್ರೈವರನನ್ನು ಅವರು ಮೊದಲು ಕಂಡಿರಲಿಲ್ಲ. ಸಂಜೆ ಸ್ಟೇಷನ್ನಿನಲ್ಲಿ ಪೊಲೀಸರು ಅವನ ಹೇಳಿಕೆ ಬರೆಸಿಕೊಂಡು, ಕರೆದಾಗ ಬರಬೇಕೆಂದು ಹೇಳಿ ಕಳಿಸಿದರು. ಬಸ್ಸಿನ ಮಾಲೀಕರು ಅವನನ್ನು ಡ್ರೈವರ್ ಕೆಲಸದಿಂದ ಇಳಿಸಿದರು.

ಭಾನುವಾರ ಅವನು ವೇಣೂರಿಗೆ ಹೋದದ್ದು ಕರೆದುಕೊಂಡು ಬರಲಿಕ್ಕಲ್ಲ. ಹೋಗುತ್ತೇನೆಂದು ತನಗೆ ತಾನೇ ಹೇಳಿಕೊಂಡದ್ದರಿಂದ ಹೋದ. ಅತ್ತೆ ಅಂಗಳದಲ್ಲಿ ಚೆಂಬಿನಲ್ಲಿ ನೀರು ಕೊಟ್ಟು ಒಳಗೆ ಹೋದರು. ಸುರಕ್ಷಾ ಹೊಸ್ತಿಲಲ್ಲಿ ನಿಂತಳು.

"ಮೂಗು ಸರಿ ಆಯ್ತಂತೆ. ಉನೈಸ್ ಫೋನ್ ಮಾಡಿದ್ದ."

"ಮೂಗು ಸರಿ ಆಯ್ತು" ಅಂದ ಲತೇಶ. ಮುಂದಿನದ್ದನ್ನು ಹೇಳದಿದ್ದರೆ ಅವಳು ಬರಬಹುದಿತ್ತು. ಅವಳು ಕಟ್ಟಿಟ್ಟ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು. "ನಿನ್ನೆ ಉಜ್ವಲ್‌ಗೆ ಹೊಡೆದೆ. ಅವನ ಮೂಗು ಮುರಿಯಿತು. ಮದ್ದು ಇರ್ಲಿಲ್ಲ, ನಿದ್ರೆ ಆಗಿತ್ತು. ಸುಮ್ಮನೆ ಹೊಡೆದೆ. ಇದು ಮೂಗಿನದ್ದಲ್ಲ ಸುರಕ್ಷಾ. ಮೊದಲಿನಿಂದಲೂ ನಾನೇ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬ್ಯಾಗನ್ನು ಎತ್ತಿ ಒಳಗಿಟ್ಟು ಬಂದಳು. ಅದು ಅವನಿಗೆ ಸಿಕ್ಕಿದ ಉತ್ತರ.

"ಹಾಗಾದ್ರೆ ನಾವು ಈಗ ಬರುದಿಲ್ಲ."

"ಬೇಡ" ಅಂದ.

ತೃಷಾ ಬಾಗಿಲ ಒಳಗೆ, ಅಜ್ಜಿಯ ಸೆರಗಿನ ಹಿಂದಿನಿಂದ ನೋಡುತ್ತಿದ್ದಳು. ಮೂಗಿನೊಳಗೆ ಇನ್ನೂ ಸಣ್ಣ ಹಕ್ಕಳೆಯಿತ್ತು. ದಿನಾ ಮುಲಾಮು ಹಚ್ಚಬೇಕು, ಯಾರು ಕೈ ತಂದರೂ ಅವಳು ಬಿಡುವುದಿಲ್ಲ, ಅದಕ್ಕೇ ಮಾಯುತ್ತಿಲ್ಲ ಎಂದು ಸುರಕ್ಷಾ ಹೇಳಿದಳು. ಲತೇಶ ಮಗಳ ಕಡೆ ಹೆಜ್ಜೆ ಇಟ್ಟ. ಮಗುವಿನ ತಲೆ ತಗ್ಗಿತು, ಭುಜ ಕಿವಿಯ ತನಕ ಏರಿತು. ಅವನು ಅಲ್ಲೇ ನಿಂತ.

ಆಮೇಲೆ ಜಗಲಿಯ ನೆಲದಲ್ಲಿ ಕೂತ. ಕಿಸೆಯಿಂದ ಸ್ಪ್ರೇ ತೆಗೆದು ತನಗೂ ಮಗಳಿಗೂ ನಡುವೆ ಇಟ್ಟ. ಎರಡು ಕೈಯನ್ನೂ ತೊಡೆಯ ಅಡಿಗೆ ಹಾಕಿ, ತನ್ನದೇ ಭಾರದಿಂದ ಒತ್ತಿಕೊಂಡ.

"ಇದು ನನ್ನ ಮದ್ದು. ಇವತ್ತಿನದ್ದು ಹೊಡೆಯಲಿಲ್ಲ. ನೀನು ಹೊಡೀತೀಯಾ?"

ಅವಳು ಅಲ್ಲಾಡಲಿಲ್ಲ. ಅತ್ತೆ ಒಳಗಿನಿಂದ ಏನೋ ಗೊಣಗಿದರು. ಹೊರಗೆ ಮೂಡುಬಿದಿರೆಯ ಬಸ್ಸು ಹಾರ್ನ್ ಹೊಡೆದು ಹೋಯಿತು. ಅವನು ಹೋಗಬೇಕಾಗಿದ್ದ ಬಸ್ಸು. ಅವನು ಕದಲಲಿಲ್ಲ. ತೊಡೆಯ ಅಡಿಯಲ್ಲಿ ಬೆರಳುಗಳು ಜೋಮುಗಟ್ಟಿದವು.

ಕೊನೆಗೆ ಪುಟ್ಟ ಪಾದಗಳು ಹತ್ತಿರ ಬಂದವು. ಅವಳು ಸ್ಪ್ರೇಯನ್ನು ಎತ್ತಿಕೊಂಡಳು. ಅವನ ಕೈ ಎಲ್ಲಿದೆಯೆಂದು ಒಮ್ಮೆ, ಬಗ್ಗಿ, ನೋಡಿದಳು.

"ಕೈ ತೆಗೆಯಬೇಡಿ."

"ತೆಗೆಯುದಿಲ್ಲ."

"ತಲೆ ಮೇಲೆ ಮಾಡಬಾರದು. ಡಾಕ್ಟರ್ ಅಂಕಲ್ ಹೇಳಿದ್ದಾರೆ. ಬಗ್ಗಿ ಪಪ್ಪ."

ಲತೇಶ ಬಗ್ಗಿದ. ಮಗಳ ಚಪ್ಪಲಿಯಿಲ್ಲದ ಪಾದಗಳು ಕಂಡವು. ಸ್ಪ್ರೇಯ ತುದಿ ಮೂಗಿಗೆ ತಾಗಿತು, ಸ್ವಲ್ಪ ನೋವಾಗುವ ಹಾಗೆ. ಅವನು ಅಲುಗಲಿಲ್ಲ. ಅವಳು ಒತ್ತಿದಳು.